ಬೆನ್ನ ಹಿಂದೆ ಕೂತು ಕೇಳಿದ ಮಾತು

ನನ್ನ ತಂಗಿ ಚಿಕ್ಕವಳಿದ್ದಾಗ ನನಗೆ ಒಂದು ಮಾತು ಹೇಳಿದಳು. ನಾನು ಅದನ್ನು ಅವ್ವನಿಗೆ ಮುಟ್ಟಿಸಬೇಕಿತ್ತು. ಮುಟ್ಟಿಸಲಿಲ್ಲ. ಸುಮ್ಮನೆ ಇದ್ದಿದ್ದರೂ ಆಗುತ್ತಿತ್ತೇನೋ, ನಾನು ನಕ್ಕೆ. ಮುಂದೆ ನಡುವಯಸ್ಸಿನಲ್ಲಿ ನನಗೆ ಸಿಕ್ಕ ಕೆಲಸವೆಂದರೆ ಬೇರೆಯವರ ಮಕ್ಕಳು ಅಂಥದೇ ಮಾತು ಹೇಳುವುದನ್ನು ಕಾಯುತ್ತ ಕೂರುವುದು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದಿನದನ್ನು ಓದುವಾಗ ನಿಮಗೆ ನನ್ನ ಮೇಲೆ ಗೌರವ ಹುಟ್ಟಬಾರದು.

ತಂಗಿಯನ್ನು ಇಲ್ಲಿ ಸುಮಿ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಮಕ್ಕಳ ಹೆಸರುಗಳನ್ನೂ ಬದಲಿಸಿದ್ದೇನೆ. ಬರೆಯಲೇ ಎಂದು ಸುಮಿಯನ್ನು ಕೇಳಿದಾಗ ಒಪ್ಪಿದಳು, ಒಂದು ಷರತ್ತಿನ ಮೇಲೆ. ನೀನು ಭಾರಿ ಒಳ್ಳೆಯ ಹೆಣ್ಣುಮಗಳು ಎನ್ನುವ ಹಾಗೆ ಬರೆದುಕೊಳ್ಳಬಾರದು ಎಂದಳು. ನಮ್ಮ ಕಡೆಯ ಬಾಲಮಂದಿರಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೆಯ ಇಯತ್ತೆ. ತಪ್ಪುಗಳಿದ್ದರೆ ತಿದ್ದಿಕೊಳ್ಳಿ.

ನಮ್ಮದು ಬಾಗಲಕೋಟೆ ಸೀಮೆಯ ಊರು. ಅಪ್ಪ ನಾಸಿಕ್ ಬಳಿಯ ಓಝರಿನ ವಿಮಾನ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ. ನಾನು ಊರಲ್ಲಿ ಅಜ್ಜಿಯ ಹತ್ತಿರ ಇದ್ದು ಕನ್ನಡ ಶಾಲೆ ಕಲಿತೆ. ಅಜ್ಜಿ ತೀರಿಕೊಂಡ ಮೇಲೆ ಓಝರಿಗೆ ಬಂದರೆ ಅಲ್ಲಿ ಎಲ್ಲವೂ ಮರಾಠಿ. ಚಿಕ್ಕ ಮಕ್ಕಳ ಜೊತೆ ಮತ್ತೆ ಕೆಳಗಿನ ತರಗತಿಯಲ್ಲಿ ಕೂರಬೇಕೆಂದರು. ನಾಚಿಕೆಯಾಗಿ ಮನೆಯಲ್ಲೇ ಉಳಿದೆ. ಸುಮಿ ನನಗಿಂತ ಬಹಳ ಚಿಕ್ಕವಳು, ಅಲ್ಲೇ ಹುಟ್ಟಿದವಳು. ಬೀದಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಎರಡನ್ನೂ ಪಟಪಟ ಆಡುತ್ತಿದ್ದಳು. ಅವಳು ಶಾಲೆಗೆ ಹೋಗುವ ಮುಂಚೆ ತಲೆ ಬಾಚಿ ಎರಡು ಜಡೆ ಹಾಕುವುದು ನನ್ನ ಕೆಲಸ.

ಅವ್ವನ ತಮ್ಮ ಆ ಕಾಲಕ್ಕೆ ನಮ್ಮ ಮನೆಗೆ ಬಂದು ಉಳಿದ. ಸಾತಪೂರದ ಒಂದು ಲೇಥ್ ವರ್ಕ್‌ಶಾಪಿನಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ನಮಗೆ ಅವನು ಮಾಮಾ. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವ ರೂಢಿ ಇದೆ. ಹಾಗಾಗಿ ಮನೆಗೆ ಬಂದವರೆಲ್ಲ ಮೊದಲು ನನ್ನನ್ನು ಹಿಡಿದುಕೊಂಡರು. ನಿನ್ನ ಗಂಡನಿಗೆ ಚಹಾ ಕೊಟ್ಟೆಯಾ, ನಿನ್ನ ಗಂಡ ಇನ್ನೂ ಯಾಕೆ ಬಂದಿಲ್ಲ ಎಂದು ಛೇಡಿಸುವುದು. ಅವ್ವ ಅದಕ್ಕೆ ಬಾಯಿ ತುಂಬ ನಗುತ್ತಿದ್ದಳು. ತಮ್ಮ ತನ್ನವನಾಗಿಯೇ ಉಳಿಯುತ್ತಾನೆ ಎಂಬ ಖುಷಿ ಅವಳಿಗೆ. ಆಮೇಲೆ ಸಟಾಣಾದಲ್ಲಿ ಬ್ಯಾಂಕಿನ ಜವಾನನಾಗಿದ್ದ ನಮ್ಮ ಕಡೆಯ ಹುಡುಗನೊಬ್ಬನ ಸಂಬಂಧ ನನಗೆ ಕೂಡಿಬಂತು. ಅಂದಿನಿಂದ ಆ ಚೇಷ್ಟೆ ನನ್ನನ್ನು ಬಿಟ್ಟು ಸುಮಿಯ ಕಡೆ ಹೊರಳಿತು. ಇನ್ನೂ ಪ್ರಾಥಮಿಕ ಶಾಲೆಗೆ ಹೋಗುವ ಹುಡುಗಿ ಅವಳು. ಮಾಮಾ ಮನೆಗೆ ಬಂದರೆ ಸಾಕು, ಬಂದ ನೋಡು ನಿನ್ನ ಗಂಡ ಎನ್ನುವರು. ಅವಳು ಓಡಿಹೋಗಿ ಬಾಗಿಲ ಹಿಂದೆ ನಿಂತರೆ, ನಾಚಿಕೊಂಡಳು ಎಂದು ಎಲ್ಲರೂ ನಗುವರು.

ಕ್ವಾರ್ಟರ್ಸಿನಲ್ಲಿ ಎರಡೇ ಕೋಣೆ. ಹೊರಗಿನದರಲ್ಲಿ ನಾನು, ಸುಮಿ, ಕಿಟಕಿಯ ಬದಿಗೆ ಮಾಮಾ. ನನ್ನ ಮದುವೆ ನಿಶ್ಚಯವಾದ ಆ ಬೇಸಿಗೆಯಲ್ಲಿ ನಾನು ನನ್ನ ಹಾಸಿಗೆ ಎತ್ತಿಕೊಂಡು ಒಳಗೆ ಅವ್ವನ ಪಕ್ಕಕ್ಕೆ ಹೋದೆ. ಕೇಳಿದವರಿಗೆ ಹೊರಗೆ ಸೊಳ್ಳೆ ಎಂದೆ. ಈ ಹಾಸಿಗೆಯ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಕೊನೆಗೆ ನಾನು ಮತ್ತೆ ಇಲ್ಲಿಗೇ ಬರಬೇಕು.

ಕೆಲವು ದಿನಗಳ ಮೇಲೆ ಒಂದು ಬೆಳಗ್ಗೆ ಸುಮಿಯನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದೆ. ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಸುಮಿ ತಿರುಗಿ ನೋಡದೆಯೇ ಹೇಳಿದಳು.

“ಅಕ್ಕಾ, ನನ್ನ ಒಬ್ಬಾಕಿನ್ನ ಮಾಮಾನ ಕೂಡ ಬಿಟ್ಟು ಹೋಗಬ್ಯಾಡ.”

ನನ್ನ ಬೆರಳು ಅವಳ ಕುತ್ತಿಗೆಯ ಮೇಲಿದ್ದವು. ಕುತ್ತಿಗೆ ಕಟ್ಟಿಗೆಯ ಹಾಗೆ ಸೆಟೆದಿತ್ತು. ನಾನು ನಕ್ಕು ಅಂದೆ: “ಈಗ ಹಂಗಂದ್ರ ಹೆಂಗ? ನಾಳೆ ಮದಿವ್ಯಾದ ಮ್ಯಾಲ ಯಾರ ಕೂಡ ಇರಾಕಿ?”

ಜಡೆ ಮುಗಿಯಿತು, ಪಾಟಿಚೀಲ ತಗೊಂಡು ಹೋದಳು. ಅಂದಿನಿಂದ ತಲೆ ಬಾಚಿಸಿಕೊಳ್ಳಲು ನನ್ನ ಹತ್ತಿರ ಬರುವುದನ್ನು ಬಿಟ್ಟಳು. ತಾನೇ ಸೊಟ್ಟಪಟ್ಟ ಬಾಚಿಕೊಳ್ಳುವಳು. ದೊಡ್ಡವಳಾದಳಲ್ಲ ಎಂದು ಅವ್ವ ಮೆಚ್ಚಿಕೊಂಡಳು.

ಅವಳು ಮೈ ನೆರೆದು ಕೆಲ ವರ್ಷಕ್ಕೆ ಮಾಮಾನ ಜೊತೆಗೇ ಮದುವೆ ಮಾಡಿದರು. ಮನೆಯ ಹುಡುಗಿ ಮನೆಯಲ್ಲೇ ಉಳಿದಳು ಎಂದು ಬಂಧುಗಳೆಲ್ಲ ಸಂತೋಷಪಟ್ಟರು. ಆರತಿ ಹಿಡಿದು ನಿಂತವಳು ನಾನೇ. ಅಕ್ಷತೆ ಬಿದ್ದ ಆ ದಿನದಿಂದ ಸುಮಿ ನನ್ನ ಜೊತೆ ಕನ್ನಡ ಆಡಲಿಲ್ಲ. ಮರಾಠಿಯಲ್ಲೇ ಮಾತು, ಅದೂ ಹೊರಗಿನವರಿಗೆ ಆಡುವ ಮರ್ಯಾದೆಯ ಮರಾಠಿ. ಹುಡುಗಿ ಪೂರಾ ಮಹಾರಾಷ್ಟ್ರದವಳಾದಳು ಎಂದು ಜನ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡವಳಂತೆ ನಟಿಸಿದೆ.

ಇನ್ನು ನನ್ನ ಕೆಲಸದ ಕಥೆ. ಗಂಡನಿಗೆ ಸಟಾಣಾದಿಂದ ನಾಸಿಕ್‌ಗೆ ವರ್ಗವಾಗಿ ನಾವು ಪಂಚವಟಿಯ ಒಂದು ಓಣಿಯಲ್ಲಿ ಮನೆ ಹಿಡಿದಿದ್ದೆವು. ನಮ್ಮ ಮಕ್ಕಳು ದೊಡ್ಡವರಾಗಿದ್ದರು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಹೆಣ್ಣುಮಕ್ಕಳ ಒಂದು ಬಾಲಗೃಹಕ್ಕೆ ಆಳು ಬೇಕೆಂದು ಕೇಳಿ ಹೋದೆ. ಒಂದು ಸಂಸ್ಥೆ ನಡೆಸುತ್ತಿದ್ದ ಮನೆ ಅದು. ಅಂಥ ಕಡೆ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸನ್ನು ಮಾವಶಿ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಚಿಗವ್ವ, ದೊಡ್ಡವ್ವ ಅಂದ ಹಾಗೆ.

ಮಾವಶಿಯ ಕೆಲಸ ಎಂದರೆ ಮಕ್ಕಳನ್ನು ಮುದ್ದಿಸುವುದು ಎಂದು ತಿಳಿದು ಬರುವವರು ಬೇಗ ಬಿಟ್ಟುಹೋಗುತ್ತಾರೆ. ಹೇನು, ಕಜ್ಜಿ, ಒದ್ದೆಯಾದ ಹಾಸಿಗೆ, ಒಂದು ಬಕೆಟ್ಟಿಗಾಗಿ ಜಗಳ, ಊಟದ ತಟ್ಟೆಯಲ್ಲಿ ಬಚ್ಚಿಟ್ಟ ಚಪಾತಿ ಬೂಸಲು ಹಿಡಿದು ದಿಂಬಿನ ಕೆಳಗೆ ಸಿಗುವುದು, ಇವೇ ದಿನದ ಕೆಲಸ. ಯಾರಾದರೂ ದೊಡ್ಡವರು ನೋಡಲು ಬರುತ್ತಾರೆಂದರೆ ಪೆಟ್ಟಿಗೆಯಿಂದ ಹೊಸ ಫ್ರಾಕು ತೆಗೆದು ತೊಡಿಸುವುದು, ಅವರು ಹೋದ ಮೇಲೆ ಕಳಚಿ ಮತ್ತೆ ಪೆಟ್ಟಿಗೆಗೆ ಹಾಕುವುದು. ಮಕ್ಕಳ ಮುಖ ನೋಡದೆ ಗುಂಡಿ ಬಿಚ್ಚಬೇಕಾಗುತ್ತಿತ್ತು.

ಮೊದಲ ವರ್ಷವೇ ನನ್ನಿಂದ ದೊಡ್ಡ ಪ್ರಮಾದವಾಯಿತು. ಯೇವಲಾದಿಂದ ಒಬ್ಬ ಹುಡುಗಿ ಬಂದಳು. ರೇಖಾ ಎನ್ನೋಣ. ಅಪ್ಪ ಪೈಠಣಿ ಸೀರೆ ನೇಯುತ್ತಿದ್ದವನು, ಕುಡಿದಾಗಲೂ ಕುಡಿಯದಾಗಲೂ ಹೊಡೆಯುತ್ತಿದ್ದ. ಬೆನ್ನಿನ ಮೇಲೆ ಗುರುತುಗಳಿದ್ದವು. ಈ ಹುಡುಗಿ ಅಳುತ್ತಿರಲಿಲ್ಲ, ಹಟ ಮಾಡುತ್ತಿರಲಿಲ್ಲ, ಹೇಳಿದ ಕೆಲಸವನ್ನು ಹೇಳಿ ಮುಗಿಸುವುದರೊಳಗೆ ಮಾಡುತ್ತಿದ್ದಳು. ನಾನು ಅವಳನ್ನು ಎಲ್ಲರೆದುರು ಹೊಗಳಿದೆ. ಸಣ್ಣ ಮಕ್ಕಳನ್ನು ನೋಡಿಕೊಳ್ಳುವ ಜವಾಬ್ದಾರಿಯನ್ನೂ ಅವಳಿಗೇ ಕೊಟ್ಟೆ. ನನಗೆ ಅಷ್ಟು ಹಗುರಾಯಿತು.

ಸ್ವಲ್ಪ ದಿನಕ್ಕೆ ಸಣ್ಣವರ ತೋಳಿನ ಒಳಬದಿಯಲ್ಲಿ ಚಿವುಟಿದ ನೀಲಿ ಕಲೆ ಕಾಣತೊಡಗಿದವು. ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಒಂದು ದಿನ ಬಟ್ಟೆ ಒಣಗಿಸುವ ಜಾಗದಲ್ಲಿ ನಾನೇ ನೋಡಿದೆ. ರೇಖಾ ಒಂದು ಮಗುವಿನ ಬಾಯಿ ಮುಚ್ಚಿ ಹಿಡಿದು ಮೆಲ್ಲಗೆ, ಕೋಪವೇ ಇಲ್ಲದೆ, ಚಿವುಟುತ್ತಿದ್ದಳು. ನಾನು ಓಡಿಹೋಗಿ ಅವಳ ಕೆನ್ನೆಗೆ ಬಾರಿಸಿದೆ. ಅವಳು ಕೈ ಅಡ್ಡ ತರಲಿಲ್ಲ. ಇನ್ನೊಂದು ಕೆನ್ನೆಯನ್ನು ತಾನಾಗಿ ನನ್ನ ಕಡೆ ತಿರುಗಿಸಿ ಕಾದು ನಿಂತಳು. ಮುಂದಿನದು ಎಲ್ಲಿ ಬೀಳುತ್ತದೆಂದು ಅವಳಿಗೆ ಅಭ್ಯಾಸದಿಂದ ಗೊತ್ತಿತ್ತು.

ನಮ್ಮ ಬಾಲಗೃಹದ ಮುಖ್ಯಸ್ಥೆ ಶೈಲಾ ಮೇಡಂ ಕಿಟಕಿಯಿಂದ ಇದನ್ನು ನೋಡಿದ್ದರು. ಕರೆದು ಕೂರಿಸಿ ಬೈಯುತ್ತಾರೆಂದುಕೊಂಡೆ. ಅವರು ಒಂದೇ ಮಾತು ಕೇಳಿದರು: ಇವಳ ಅಪ್ಪನಿಗೂ ನಿನಗೂ ಈಗ ಈ ಹುಡುಗಿ ಏನು ವ್ಯತ್ಯಾಸ ಹೇಳಬೇಕು? ಮಗು ಗಲಾಟೆ ಮಾಡಿದರೆ ನನಗೆ ಬೇಜಾರಿಲ್ಲ, ಸುಮ್ಮನಿದ್ದರೆ ಬಂದು ಹೇಳು ಎಂದರು. ಈ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠ ಅದು. ನಮ್ಮ ಮನೆಯಲ್ಲಿ ಒಬ್ಬಳು ಬಾಗಿಲ ಹಿಂದೆ ಸುಮ್ಮನೆ ನಿಂತಿದ್ದು ಆಗ ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ನೆನಪಾಯಿತು. ಎದ್ದು ಹೋಗಿ ಬಕೆಟ್ ತಿಕ್ಕಿದೆ.

ಆಗ ಮಕ್ಕಳನ್ನು ವಿಚಾರಿಸುತ್ತಿದ್ದ ರೀತಿಯನ್ನು ಈಗಿನವರು ನಂಬಲಾರರು. ಮೇಜಿನ ಆಚೆ ನಾಲ್ಕಾರು ದೊಡ್ಡವರು, ಪಕ್ಕದಲ್ಲಿ ಸಮವಸ್ತ್ರದ ಪೊಲೀಸರು, ನಡುವೆ ಫ್ಯಾನಿನ ಗಾಳಿಗೆ ಹಾರುವ ಫ್ರಾಕನ್ನು ಹಿಡಿದುಕೊಂಡು ನಿಂತ ಹುಡುಗಿ. ಠಾಣೆಯಲ್ಲಿ ಹೇಳಿದ್ದನ್ನು ಆಸ್ಪತ್ರೆಯಲ್ಲಿ ಹೇಳಬೇಕು, ಆಸ್ಪತ್ರೆಯಲ್ಲಿ ಹೇಳಿದ್ದನ್ನು ಇಲ್ಲಿ, ಇಲ್ಲಿ ಹೇಳಿದ್ದನ್ನು ಕೋರ್ಟಿನಲ್ಲಿ. ಪ್ರತಿ ಸಲ ಹೇಳುವಾಗಲೂ ಸ್ವಲ್ಪ ಬದಲಾಗುತ್ತದೆ. ಬದಲಾಯಿತೆಂದರೆ ಹುಡುಗಿ ಸುಳ್ಳಿ. ಕೆಲವು ಮಕ್ಕಳು ಕಡೆಗೆ ಏನೂ ಆಗಿಲ್ಲ ಎಂದುಬಿಡುತ್ತಿದ್ದರು. ಕಡತ ಮುಚ್ಚಿದವರಿಗೂ ಅದೇ ಬೇಕಿತ್ತೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಹೊಸ ಕಾನೂನು ಬಂದ ಮೇಲೆ ಪೊಲೀಸರು ಸಮವಸ್ತ್ರ ಕಳಚಿ ಬರಬೇಕು, ಹೆಂಗಸರೇ ಕೇಳಬೇಕು, ಮತ್ತೆ ಮತ್ತೆ ಕೇಳಬಾರದು ಎಂದಾಯಿತು. ಎಲ್ಲ ಕಡೆ ಪಾಲಿಸಿದರು ಎನ್ನಲಾರೆ. ಆದರೂ ಹಳೆಯದಕ್ಕೆ ಹೋಲಿಸಿದರೆ ಮೇಲು.

ಮೇಜಿನ ಮುಂದೆ ಆಡದ ಮಾತನ್ನು ಮಕ್ಕಳು ನನ್ನ ಮುಂದೆ ಆಡುತ್ತಿದ್ದರು. ಮುಂದೆ ಎಂದರೆ ತಪ್ಪಾಯಿತು. ಬೆಳಗ್ಗೆ ಜಗಲಿಯಲ್ಲಿ ಸಾಲಾಗಿ ಕೂರಿಸಿ ಎಣ್ಣೆ ಹಚ್ಚಿ ಬಾಚುವಾಗ ಅವರ ಬೆನ್ನು ನನಗಿರುತ್ತಿತ್ತು, ಮುಖ ಅಂಗಳಕ್ಕೆ. ನನ್ನ ಕಣ್ಣು ನೋಡಬೇಕಿಲ್ಲ, ನನ್ನ ಮುಖ ಏನಾಯಿತೆಂದು ಹೆದರಬೇಕಿಲ್ಲ. ಒಂದೊಂದೇ ಮಾತು ಬೀಳುತ್ತಿತ್ತು. ಶೈಲಾ ಮೇಡಂ ಇದನ್ನು ಗಮನಿಸಿ, ಇನ್ನು ಮೇಲೆ ಬಾಚುವುದಕ್ಕೆ ಅವಸರ ಮಾಡಬೇಡ, ಅಡುಗೆಗೆ ತಡವಾದರೆ ಆಗಲಿ ಎಂದರು. ಹೊಸಬರಿಗೆ ನಾನು ಹೇಳುವುದೂ ಇಷ್ಟೇ. ಕೇಳಬೇಡಿ. ಕೈಯಲ್ಲಿ ಏನಾದರೂ ಕೆಲಸ ಇಟ್ಟುಕೊಂಡು ಹಿಂದೆ ಕೂತಿರಿ. ಮಾತು ಬಿದ್ದಾಗ ಬಾಚುವ ಕೈ ನಿಲ್ಲಬಾರದು. ನಗಬಾರದು.

ಜನ ನನ್ನನ್ನು ಕೇಳುತ್ತಿದ್ದರು, ಮಕ್ಕಳಿಗೆ ಹೀಗೆ ಮಾಡುವವರು ಯಾರು, ಎಲ್ಲಿಂದ ಬರುತ್ತಾರೆ ಎಂದು. ಹೊರಗಿನಿಂದ ಬಂದವರ ಬಗ್ಗೆ ನಾನು ಕೇಳಿದ್ದು ಕಡಿಮೆ. ಹೆಚ್ಚಿನ ಮಕ್ಕಳು ಹೇಳಿದ ಮನುಷ್ಯ ಹಬ್ಬಕ್ಕೆ ಬಟ್ಟೆ ತರುವವನು, ಊಟಕ್ಕೆ ಕೂತಾಗ ಮೊದಲು ಬಡಿಸಿಕೊಳ್ಳುವವನು. ಮತ್ತು ಹೆಚ್ಚಿನ ಮನೆಗಳಲ್ಲಿ ಗೊತ್ತಿದ್ದೂ ಸುಮ್ಮನಿದ್ದ ಒಬ್ಬ ಹೆಂಗಸು ಇರುತ್ತಿದ್ದಳು. ಅಜ್ಜಿ, ಅತ್ತೆ, ಅಕ್ಕ. ಆ ಹೆಂಗಸರು ಮಗುವನ್ನು ನೋಡಲು ಬಾಲಗೃಹಕ್ಕೆ ಬಂದು ಅತ್ತಾಗ ನನ್ನ ಸಹೋದ್ಯೋಗಿಗಳು ಅವರನ್ನು ಮಾತಿನಿಂದ ತಿವಿಯುತ್ತಿದ್ದರು. ನಾನು ಮಾತ್ರ ನೀರು ಕೊಟ್ಟು ಒಳಗೆ ಹೋಗುತ್ತಿದ್ದೆ. ಕಮಲಾ ಬಾಯಿಯ ಮನಸ್ಸು ದೊಡ್ಡದು ಎಂದರು. ಕಮಲಾ ನಾನೇ.

ಈಗ ನೀಲವ್ವನ ವಿಷಯ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳು.

ಮನಮಾಡ ಜಂಕ್ಷನ್ನಿನಲ್ಲಿ ಸಿಕ್ಕಿದ ಹುಡುಗಿ ಎಂದು ಕರೆತಂದರು. ಹತ್ತು ಹನ್ನೊಂದರ ವಯಸ್ಸು. ವಿಜಯಪುರದ ಕಡೆಯವಳು. ಒಬ್ಬಳೇ ರೈಲು ಹತ್ತಿ ಬಂದಿದ್ದಳು. ಮರಾಠಿ ಬಾರದು, ಹಿಂದಿ ಬಾರದು. ಅಲ್ಲಿ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ. ನನ್ನ ಮಾತು ಕೇಳಿದ್ದೇ ಅವಳು ನನ್ನ ಸೆರಗು ಹಿಡಿದುಕೊಂಡಳು. ಎರಡು ದಿನ ಬಿಡಲಿಲ್ಲ. ಮೂರನೆಯ ದಿನ ಜಗಲಿಯಲ್ಲಿ ಬಾಚುವಾಗ ಮಾತು ಬಂತು.

“ನಾ ಊರಿಗೆ ಹೋಗಂಗಿಲ್ರಿ, ಯಕ್ಕಾ. ಮನ್ಯಾಗ ಮಾಮಾ ಅದಾನ.”

ನನ್ನ ಕೈ ನಿಂತಿತು. ನಿಲ್ಲಬಾರದೆಂದು ಬೇರೆಯವರಿಗೆ ಕಲಿಸಿದ ಕೈ.

“ಎಲ್ಲಾರೂ ಅಂವ ನಿನ್ನ ಗಂಡ ಅಂತಾರ್ರೀ. ಅದಕ್ಕ ಏನ ಮಾಡಿದ್ರೂ ಅವ್ವ ಏನೂ ಅನ್ನಂಗಿಲ್ಲ.”

ಮರುದಿನ ಸಮಿತಿಯ ಮುಂದೆ ಅವಳನ್ನು ಕರೆದುಕೊಂಡು ಹೋದೆವು. ಮಕ್ಕಳನ್ನು ಎಲ್ಲಿ ಇಡಬೇಕು, ಯಾರಿಗೆ ಒಪ್ಪಿಸಬೇಕು ಎಂದು ತೀರ್ಮಾನಿಸುವ ಸಮಿತಿ. ಹುಡುಗಿ ಹೇಳುವುದನ್ನು ಮರಾಠಿಗೆ ತಿರುಗಿಸುವ ಕೆಲಸ ನನ್ನದು. ಅವಳು ಅಲ್ಲಿಯೂ ಹೇಳಿದಳು, ಅರ್ಧ ಅರ್ಧ. ಮಾಮಾ ಗಂಡ ಎಂಬ ಮಾತನ್ನು ನಾನು ಮರಾಠಿಯಲ್ಲಿ ಹೇಳಿದಾಗ ಅಲ್ಲಿದ್ದವರು ಬೆಚ್ಚಿದರು. ಅವರಲ್ಲಿ ಸೋದರಮಾವ ತಂದೆಯ ಸ್ಥಾನದವನು. ಇದೆಂಥ ಜನ ಎನ್ನುವಂತೆ ಒಬ್ಬರು ನನ್ನ ಮುಖ ನೋಡಿದರು. ಆ ನೋಟ ನನಗೆ ತಡೆಯಲಿಲ್ಲ. ನಮ್ಮವರ ಮಾನ ನನ್ನ ಕೈಯಲ್ಲಿದೆ ಎನ್ನಿಸಿತು. ಹಾಗಲ್ಲ ಸಾಹೇಬರೆ, ಅದು ನಮ್ಮ ಕಡೆಯ ರೂಢಿ, ಮಕ್ಕಳನ್ನು ಹಾಗೆ ಚೇಷ್ಟೆ ಮಾಡುತ್ತಾರೆ, ಹುಡುಗಿ ಅದಕ್ಕೇ ಹೆದರಿಕೊಂಡಿದ್ದಾಳೆ ಎಂದು ವಿವರಿಸಿದೆ. ಅವಳ ಎರಡನೆಯ ಮಾತನ್ನು, ಅವ್ವ ಏನೂ ಅನ್ನುವುದಿಲ್ಲ ಎಂದದ್ದನ್ನು, ತಿರುಗಿಸಲೇ ಇಲ್ಲ.

ನಾನು ನಕ್ಕಿರಲಿಲ್ಲ ಅಷ್ಟೇ. ಉಳಿದದ್ದೆಲ್ಲ ಓಝರಿನಲ್ಲಿ ಮಾಡಿದ್ದೇ.

ಅವರಿಗೆ ಅನುಮಾನ ಪಡಲು ಕಾರಣವಿರಲಿಲ್ಲ. ಹುಡುಗಿಯ ಭಾಷೆ ಬಲ್ಲವಳು, ಹುಡುಗಿಯ ಕಡೆಯವಳು, ಹುಡುಗಿ ಸೆರಗು ಬಿಡದ ಹೆಂಗಸು ಹೇಳುತ್ತಿದ್ದಾಳೆ. ಊರಿಗೆ ಸುದ್ದಿ ಮುಟ್ಟಿ ಅವಳ ತಂದೆ ಬಂದಿದ್ದ, ಅವನ ಜೊತೆ ಕಳಿಸಿದರು. ರಿಕ್ಷಾ ಹತ್ತುವಾಗ ನೀಲವ್ವ ನನ್ನ ಸೆರಗನ್ನು ತಾನಾಗಿಯೇ ಬಿಟ್ಟಳು. ಅವಳಿಗೆ ಮರಾಠಿ ಬರುತ್ತಿರಲಿಲ್ಲ ನಿಜ. ನಾನು ಏನು ಮಾಡಿದೆ ಎಂಬುದು ಮಾತ್ರ ತಿಳಿದಿತ್ತು.

ಕೆಲವು ವಾರ ಕಳೆದು ನಾನು ಶೈಲಾ ಮೇಡಂ ಮುಂದೆ ಕೂತು, ಅಂದು ತಿರುಗಿಸದೆ ಬಿಟ್ಟ ಮಾತನ್ನು ಹೇಳಿದೆ. ಅವರು ಕೂಗಾಡಲಿಲ್ಲ. ಆ ಜಿಲ್ಲೆಯ ಸಮಿತಿಯವರಿಗೆ ಮೇಲಿಂದ ಮೇಲೆ ಫೋನ್ ಮಾಡಿಸಿದರು. ಮನೆಯವರೆಲ್ಲ ಕಬ್ಬು ಕಡಿಯಲು ಎಲ್ಲಿಗೋ ಹೋಗಿದ್ದಾರೆ, ಹುಡುಗಿ ಊರಲ್ಲಿಲ್ಲ ಎಂದು ತಿಳಿಯಿತು. ಮುಂದೆ ಏನೂ ತಿಳಿಯಲಿಲ್ಲ. ಶೈಲಾ ಮೇಡಂ ಒಂದು ಸಂಜೆ, ಯಾಕೆ ಕಮಲಾ ಎಂದು ಕೇಳಿದರು. ನಮ್ಮವರ ಹೆಸರು ಕೆಡಬಾರದೆಂದು ಎಂದೆ. ಯಾವ ನಮ್ಮವರು, ಆ ಹುಡುಗಿ ನಿಮ್ಮವಳಲ್ಲವೇ ಎಂದರು. ಅಂದಿನಿಂದ ಅವರು ನನಗೆ ತಿರುಗಿಸುವ ಕೆಲಸ ಕೊಡಲಿಲ್ಲ. ಸರಿಯಾಗಿಯೇ ಮಾಡಿದರು. ಹೊಸಬರೇ, ನಿಮ್ಮ ಊರಿನ, ನಿಮ್ಮ ಜನದ ಮಗು ಎದುರಿಗೆ ಬಂದಾಗ ಬಹಳ ಎಚ್ಚರವಿರಲಿ. ಅದರ ಮಾತು ನಿಮಗೆ ಎಲ್ಲರಿಗಿಂತ ಚೆನ್ನಾಗಿ ತಿಳಿಯುತ್ತದೆ. ಅದನ್ನು ಮುಚ್ಚಿಹಾಕುವುದೂ ಎಲ್ಲರಿಗಿಂತ ಚೆನ್ನಾಗಿ ನಿಮಗೇ ಬರುತ್ತದೆ.

ಸಂಸ್ಥೆಯ ಇನ್ನೊಂದು ಬಾಲಗೃಹ ಔರಂಗಾಬಾದ್‌ನಲ್ಲಿತ್ತು, ಈಗಿನ ಛತ್ರಪತಿ ಸಂಭಾಜಿನಗರದಲ್ಲಿ. ಗಂಡ ತೀರಿಕೊಂಡ ಮೇಲೆ ನನ್ನನ್ನು ಅಲ್ಲಿಗೆ ಕಳಿಸಿದರು. ಮಾಮಾ ಎಷ್ಟೋ ವರ್ಷ ಮೊದಲೇ ಆ ಊರಿನ ಪಕ್ಕದ ವಾಳೂಜಿನ ಒಂದು ಕಾರ್ಖಾನೆಗೆ ಸೇರಿ ಅದೇ ಊರಲ್ಲಿ ಮನೆ ಮಾಡಿದ್ದ. ಹಾಗಾಗಿ ನಾನು ಸುಮಿಯ ಊರಿಗೇ ಬಂದು ಬಿದ್ದೆ. ಹಬ್ಬಕ್ಕೆ ಹುಣ್ಣಿಮೆಗೆ ಹೋಗುತ್ತಿದ್ದೆ. ಅವನ ಕಾಲಿಗೆ ನಮಸ್ಕಾರ ಮಾಡುತ್ತಿದ್ದೆ. ಅವನು ಮಕ್ಕಳ ಬಾಲಗೃಹ ಹೇಗೆ ನಡೆದಿದೆ ಎಂದು ವಿಚಾರಿಸುತ್ತಿದ್ದ. ಪುಣ್ಯದ ಕೆಲಸ ಎನ್ನುತ್ತಿದ್ದ.

ಅವರಿಗೆ ಒಬ್ಬಳೇ ಮಗಳು, ವೈಶಾಲಿ. ಅವಳು ಒಂದನೆಯ ಇಯತ್ತೆ ಮುಗಿಸುವುದರೊಳಗೆ ಸುಮಿ ಅವಳನ್ನು ಪುಣೆಯ ಹಾಸ್ಟೆಲಿಗೆ ಹಾಕಿದ್ದಳು. ರಜೆಗೆ ಬಂದಾಗಲೂ ಹಗಲು ರಾತ್ರಿ ಅವಳ ಪಕ್ಕ ಬಿಡುತ್ತಿರಲಿಲ್ಲ. ಅಪ್ಪನ ಹತ್ತಿರ ಕೂರಲೂ ಬಿಡದೆ ರೇಗುತ್ತಿದ್ದಳು. ಕಲ್ಲೆದೆಯವಳು ಎಂದು ಬಂಧುಗಳೆಲ್ಲ ಆಡಿಕೊಂಡರು. ವೈಶಾಲಿ ದೊಡ್ಡವಳಾಗಿ ತಾಯಿಯ ಜೊತೆ ಮಾತು ಕಡಿಮೆ ಮಾಡಿದಳು. ಅವಳಿಗೆ ಕನ್ನಡ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ಮರಾಠಿಯಲ್ಲೇ ಒಮ್ಮೆ ನನಗೆ, ನನ್ನ ತಾಯಿಗೆ ನಾನು ಬೇಡವಾಗಿದ್ದೆ ಅಲ್ಲವೇ ಎಂದಳು. ಅಪ್ಪ ಮಾತ್ರ ಪಾಪ, ಪ್ರೀತಿ ಮಾಡುತ್ತಿದ್ದ ಎಂದಳು. ನಾನು ಅವಳ ತಲೆ ನೇವರಿಸಿದೆ, ಅಷ್ಟೇ. ಸುಮಿಗೆ ನಾನೂ ಬುದ್ಧಿ ಹೇಳಿದ್ದೇನೆ, ಹೆತ್ತ ಮಗಳನ್ನು ಯಾರಾದರೂ ಅಷ್ಟು ಸಣ್ಣದರಲ್ಲಿ ದೂರ ಇಡುತ್ತಾರೆಯೇ ಎಂದು. ಅವಳು ಮರಾಠಿಯಲ್ಲಿ, ತಾವು ಹೇಳುವುದು ಸರಿ, ಮನೆಯಲ್ಲಿ ಇಟ್ಟುಕೊಂಡರೆ ಮಕ್ಕಳು ಸುಖವಾಗಿರುತ್ತಾರೆ ಎಂದು ಹೇಳಿ ಚಹಾ ತರಲು ಎದ್ದುಹೋದಳು. ಇಷ್ಟೆಲ್ಲ ಮಕ್ಕಳ ಮಾತು ಕೇಳಿದ ಮೇಲೂ ನಾನು ಆ ಬುದ್ಧಿ ಹೇಳಿದ್ದೆ. ಗೊತ್ತಿಲ್ಲದೆ ಹೇಳಿದ್ದಲ್ಲ. ಗೊತ್ತಿದ್ದವಳು ನಾನಲ್ಲ ಎಂದು ತೋರಿಸಿಕೊಳ್ಳಲು ಹೇಳಿದ್ದು.

ಆ ದಿನಗಳಲ್ಲೇ ಒಬ್ಬ ಹೆಂಗಸು ನಾಲ್ಕು ವರ್ಷದ ಹುಡುಗಿಯನ್ನು ಕರೆದುಕೊಂಡು ನಮ್ಮ ಗೇಟಿಗೆ ಬಂದಳು. ಗುರುತು ಹತ್ತಲಿಲ್ಲ. ಮಾವಶಿ, ನಾನು ರೇಖಾ, ಯೇವಲಾದವಳು ಎಂದಳು. ನಾಸಿಕ್‌ನಲ್ಲಿ ನನ್ನ ಕೈಯ ಏಟು ತಿಂದ ಹುಡುಗಿ. ಇವಳನ್ನು ಇಟ್ಟುಕೊಳ್ಳಿ ಎಂದು ಮಗುವನ್ನು ಮುಂದೆ ನೂಕಿದಳು. ಏಕೆಂದು ಕೇಳಿದರೆ, ನನ್ನ ಕೈ ನಿಲ್ಲುವುದಿಲ್ಲ ಎಂದಳು. ಮಗು ಅಳುವುದಕ್ಕೂ ಮುಂಚೆ ಕೈ ಎದ್ದುಬಿಡುತ್ತದೆ, ಆಮೇಲೆ ನನಗೆ ಗೊತ್ತಾಗುತ್ತದೆ. ಇವಳು ಈಗ ಇನ್ನೊಂದು ಕೆನ್ನೆ ತೋರಿಸಲು ಕಲಿತಿದ್ದಾಳೆ, ಅದನ್ನು ನೋಡಿ ಬಂದೆ ಎಂದಳು.

ದೊಡ್ಡ ದೊಡ್ಡವರು ಸಭೆಗಳಲ್ಲಿ ಇದರ ಪರಿಣಾಮ ಸಮಾಜದ ಮೇಲೆ ಹೇಗಾಗುತ್ತದೆ ಎಂದು ಭಾಷಣ ಮಾಡುವುದನ್ನು ಕೇಳಿದ್ದೇನೆ. ನನಗೆ ಸಮಾಜ ಎಂದರೆ ಆ ಗೇಟಿನಲ್ಲಿ ನಿಂತ ಇಬ್ಬರು. ಯೇವಲಾದ ಒಬ್ಬ ಮನುಷ್ಯ ಯಾವಾಗಲೋ ಎತ್ತಿದ ಕೈ ಇನ್ನೂ ಕೆಳಗಿಳಿದಿರಲಿಲ್ಲ. ಅದು ರೇಖಾಳಿಗೆ ಬಂತು, ಅವಳಿಂದ ಸಣ್ಣ ಮಕ್ಕಳಿಗೆ, ನಡುವೆ ನನಗೂ ಬಂದು ಹೋಯಿತು, ಈಗ ಈ ಮಗುವಿನ ಕೆನ್ನೆಯ ಮೇಲೆ. ಆದರೆ ರೇಖಾ ಒಂದು ಮಾಡಿದಳು. ಇಷ್ಟು ವರ್ಷ ನನ್ನಿಂದ ಆಗದ್ದು. ತನ್ನ ತಪ್ಪನ್ನು ಬಾಯಿಬಿಟ್ಟು ಇನ್ನೊಬ್ಬರ ಮುಂದೆ ಹೇಳಿದಳು. ನಾನು ಇಬ್ಬರನ್ನೂ ಒಳಗೆ ಕರೆದೆ. ಮಗುವನ್ನು ಕೆಲವು ಕಾಲ ನಮ್ಮಲ್ಲಿ ಇಟ್ಟುಕೊಂಡು, ರೇಖಾಳನ್ನು ಬಾರಿ ಬಾರಿ ಕರೆಸಿ ಮಾತಾಡಿಸುವ ಏರ್ಪಾಡಾಯಿತು. ಬಂದಾಗಲೆಲ್ಲ ನಾನು ಅವಳಿಂದಲೇ ಮಗುವಿನ ತಲೆ ಬಾಚಿಸುತ್ತಿದ್ದೆ. ಮೇಲಿಂದ ಕೆಳಗೆ, ಮೆಲ್ಲಗೆ. ಬಾಚಣಿಕೆ ಹಿಡಿದ ಕೈ ಏಳುವುದಿಲ್ಲ ಎಂದು ಅವಳಿಗೆ ಅಂದೆ. ಕೆಲವು ಸಲ ಎದ್ದಿತು. ಕೊನೆಗೆ ಮಗುವನ್ನು ಕರೆದುಕೊಂಡು ಹೋದಳು. ಚೆನ್ನಾಗಿದ್ದಾರೆ ಎಂದು ಬರೆಯುವ ಧೈರ್ಯ ನನಗಿಲ್ಲ. ಇದ್ದಾರೆ.

ಮಾಮಾ ತೀರಿಕೊಂಡ. ದಿನಕರ್ಮದ ಊಟಕ್ಕೆ ಬಂದವರೆಲ್ಲ ಅವನ ಗುಣಗಾನ ಮಾಡಿದರು. ಅಕ್ಕನ ಮಗಳನ್ನೇ ಮಾಡಿಕೊಂಡು ಮನೆತನ ಉಳಿಸಿದ ಎಂದರು. ಸುಮಿ ಹೋಳಿಗೆ ಬೇಡಿ ಇನ್ನೊಂದು ಹಾಕಿಸಿಕೊಂಡು ಉಂಡಳು. ಎಲ್ಲರೂ ದುಃಖದಲ್ಲಿ ತಲೆ ಕೆಟ್ಟಿದೆ ಎಂದರು. ನಾನು ಅವಳ ಎಲೆಗೆ ತುಪ್ಪ ಬಡಿಸಿದೆ. ಅವಳು ತಲೆಯೆತ್ತಿ ನನ್ನನ್ನು ನೋಡಿ, ಸಾಕು ಎಂದು ಕೈ ಅಡ್ಡ ಹಿಡಿದಳು.

ನನ್ನ ಕೆಲಸದ ಕೊನೆಯ ದಿನ ಬಾಲಗೃಹದಲ್ಲಿ ಸಣ್ಣ ಸಮಾರಂಭ ಮಾಡಿದರು. ಶಾಲು ಹೊದಿಸಿದರು. ಸುಮಿಯನ್ನೂ ಕರೆದಿದ್ದೆ, ಹಿಂದಿನ ಸಾಲಿನಲ್ಲಿ ಕೂತಿದ್ದಳು. ಶೈಲಾ ಮೇಡಂ ನಿವೃತ್ತರಾಗಿ ಹೋಗಿದ್ದರು, ಇದ್ದಿದ್ದರೆ ಅಳೆದು ಮಾತಾಡುತ್ತಿದ್ದರು. ಹೊಸ ಅಧಿಕಾರಿ ಬಹಳ ಹೊಗಳಿದರು. ಯಾರಿಗೂ ಹೇಳದ್ದನ್ನು ಮಕ್ಕಳು ಈ ಮಾವಶಿಗೆ ಹೇಳುತ್ತಿದ್ದರು, ಅವರ ಕಿವಿ ದೇವರು ಕೊಟ್ಟ ಕಿವಿ ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಸಾಲಿನ ಕಡೆ ನೋಡಲಿಲ್ಲ.

ಅಲ್ಲಿಂದ ಇಬ್ಬರೂ ರಿಕ್ಷಾದಲ್ಲಿ ಅವಳ ಮನೆಗೆ ಹೋದೆವು. ಮಧ್ಯಾಹ್ನ. ಅವಳಿಗೆ ಭುಜ ಹಿಡಿದುಕೊಂಡು ಕೈ ಮೇಲೆ ಎತ್ತಲು ಆಗುತ್ತಿರಲಿಲ್ಲ. ಬಿಚ್ಚಿದ ಕೂದಲನ್ನು ಒಂದೇ ಕೈಯಲ್ಲಿ ಗಂಟು ಹಾಕಲು ಒದ್ದಾಡುತ್ತಿದ್ದಳು. ಕೊಡು ಎಂದೆ. ಬೇಡ ಎನ್ನುತ್ತಾಳೆಂದುಕೊಂಡೆ. ಅವಳು ಬಾಚಣಿಕೆಯನ್ನು ಹಿಂದಕ್ಕೆ ಚಾಚಿದಳು. ಪ್ರಾಥಮಿಕ ಶಾಲೆಯ ದಿನಗಳ ಆ ಬೆಳಗಿನ ನಂತರ ಮೊದಲ ಸಲ ಅವಳ ತಲೆಗೆ ನನ್ನ ಕೈ ತಾಗಿತು. ಎಲ್ಲ ಬೆಳ್ಳಗಾಗಿತ್ತು. ನಾನು ಮೆಲ್ಲಗೆ ಬಾಚಿದೆ.

ಸ್ವಲ್ಪ ಹೊತ್ತಿಗೆ ಸುಮಿ ಮರಾಠಿಯಲ್ಲಿ ಅಂದಳು, ಅಷ್ಟೊಂದು ಹುಡುಗಿಯರು ತಮಗೆ ಹೇಳಿದರಂತೆ. ತಮ್ಮ ಕಿವಿ ದೇವರು ಕೊಟ್ಟದ್ದಂತೆ.

ನಾನು ಬಾಚುತ್ತಲೇ ಇದ್ದೆ. ಬೆರಳು ಅವಳ ಕುತ್ತಿಗೆಯ ಮೇಲಿದ್ದವು. ಅದು ಹಾಗೇ ಸೆಟೆಯಿತು, ಕಟ್ಟಿಗೆಯ ಹಾಗೆ. ಅವಳು ಗೋಡೆಯನ್ನೇ ನೋಡುತ್ತ ಕೇಳಿದಳು. ಮರಾಠಿಯಲ್ಲಲ್ಲ.

“ಅವತ್ತು ಯಾಕ ನಕ್ಕಿ, ಅಕ್ಕಾ?”

ಹಿಂದೆ ಕೂತೇ ಉತ್ತರ ಕೊಡಬಹುದಿತ್ತು. ಅದು ಸುಲಭ. ಆದರೆ ಬೆನ್ನ ಹಿಂದಿನ ಜಾಗ ಮಕ್ಕಳ ಅನುಕೂಲಕ್ಕೆ ಇದ್ದದ್ದು, ನಾನು ಅಡಗಿಕೊಳ್ಳುವುದಕ್ಕಲ್ಲ. ಬಾಚಣಿಕೆ ಕೆಳಗಿಟ್ಟೆ. ಎದ್ದು ಸುತ್ತಿ ಬಂದು ಅವಳ ಮುಂದೆ ನೆಲದ ಮೇಲೆ ಕೂತೆ. ಅವಳ ಮುಖ ನೋಡಿದೆ. ಅವಳೂ ನನ್ನ ಮುಖ ನೋಡಿದಳು. ಆಮೇಲೆ ಹೇಳಿದೆ.

“ನೀ ಹೇಳಿದ್ದು ಸುಳ್ಳಲ್ಲ ಅಂತ ನನಗ ಗೊತ್ತಿತ್ತು, ಸುಮಿ. ಅಂವ ಎಂಥಾಂವ ಅಂತ ನನಗ ನಿನಗಿಂತ ಮೊದಲ ಗೊತ್ತಾಗಿತ್ತು. ಅದಕ್ಕ ಹಾಸಿಗಿ ಎತ್ಕೊಂಡು ಅವ್ವನ ಮಗ್ಗಲಕ ಹೋದ್ನಿ. ಸೊಳ್ಳಿ ಇರಲಿಲ್ಲ. ನಿನ್ನ ಅಲ್ಲೇ ಬಿಟ್ಟು ಹೋದ್ನಿ. ಅವ್ವಗ ಹೇಳಿದ್ರ, ನಿನಗ ಹೆಂಗ ಗೊತ್ತು ಅಂತ ನನ್ನ ಕೇಳ್ತಿದ್ಲು. ಕೂಡಿಬಂದ ನನ್ನ ಮದಿವಿ ಮುರದ ಬೀಳ್ತಿತ್ತು. ನನಗ ನನ್ನ ಮದಿವಿ ಬೇಕಾಗಿತ್ತು. ಅದಕ್ಕ ನಕ್ನಿ. ವೈಶಾಲಿನ್ನ ಯಾಕ ದೂರ ಇಟ್ಟಿ ಅಂತನೂ ಗೊತ್ತಿತ್ತು, ಗೊತ್ತಿದ್ದು ನಿನಗ ಬುದ್ಧಿ ಹೇಳಿದ್ನಿ. ಮಾಫ್ ಮಾಡು ಅಂತ ಕೇಳಾಕ ಬಂದಿಲ್ಲ. ತಪ್ಪು ನಿಂದಲ್ಲ, ನಂದು. ನನ್ನಿಂದ ತಪ್ಪಾತು, ಸುಮಿ. ನನ್ನಿಂದ ತಪ್ಪಾತು.”